ನಮ್ಮ ಜರ್ನಲ್‌ಗಳ ಇನ್ನೊಂದು ಪ್ರತಿ ಎಲ್ಲಿದೆ? ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ,
ಮತ್ತು ಈ ಭಾಗದ ಕಾಲೇಜುಗಳಲ್ಲಿ ಸಂಶೋಧನಾ ಪತ್ರಿಕೆ ನಡೆಸುತ್ತಿರುವ ಎಲ್ಲ ಸಂಪಾದಕರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಕೊಪ್ಪಳದವಳು. ಕಾಲೇಜು ಲೈಬ್ರರಿಗಳಲ್ಲಿ 29 ವರ್ಷ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ಕಳೆದುಹೋದ ಒಂದು ಜರ್ನಲ್ ಬಗ್ಗೆ ನಿಮಗೆ ಹೇಳಬೇಕಾಗಿದೆ. ಅದು ಯಾವ ಕಾಲೇಜಿನದು, ಅಲ್ಲಿ ಯಾರಿದ್ದರು ಎಂದು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಆದದ್ದು ನಿಮ್ಮ ಯಾವ ಕಾಲೇಜಿನಲ್ಲಾದರೂ ನಾಳೆ ಆಗಬಹುದು. ಅದಕ್ಕೇ ಬರೆಯುತ್ತಿದ್ದೇನೆ.

2025ರ ಜೂನ್ ತಿಂಗಳಲ್ಲಿ ಒಬ್ಬ ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿದಳು. ಈಗ ಸಿಂಧನೂರು ಕಡೆ ಅತಿಥಿ ಉಪನ್ಯಾಸಕಿ. "ಮೇಡಂ, ನನ್ನ ಲೇಖನ ಎಲ್ಲಿ ಹೋಯ್ತು?" ಎಂದು ಕೇಳಿದಳು. ಎಂ.ಎ. ಮುಗಿಸಿದ ವರ್ಷ ಅವಳು ತೊಗಲುಗೊಂಬೆ ಆಡಿಸುವ ಮನೆತನಗಳ ಹಿರಿಯರನ್ನು ಕೂರಿಸಿಕೊಂಡು ಮಾತಾಡಿಸಿ ಒಂದು ಲೇಖನ ಬರೆದಿದ್ದಳು. ತೊಗಲು ಹದ ಮಾಡುವುದು ಹೇಗೆ, ಬಣ್ಣ ಯಾವುದರಿಂದ ಮಾಡುತ್ತಿದ್ದರು, ಯಾವ ಊರಿನ ಜಾತ್ರೆಗೆ ಯಾವ ಆಟ ಆಡುತ್ತಿದ್ದರು, ಎಲ್ಲವೂ ಅವರದೇ ಮಾತಿನಲ್ಲಿತ್ತು. 2025ರ ಜನವರಿಯಲ್ಲಷ್ಟೇ ನಮ್ಮ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಿತ್ತು. ಎಲ್ಲರೂ ಆ ಕಲೆಯ ಬಗ್ಗೆ ಓದಲು ಹುಡುಕುತ್ತಿದ್ದರು. ಇವಳಿಗೆ ಒಂದು ಸಂದರ್ಶನಕ್ಕೂ ಆ ಲೇಖನ ಬೇಕಿತ್ತು. ಲಿಂಕ್ ಒತ್ತಿದರೆ ಅಲ್ಲಿ ಆನ್‌ಲೈನ್ ರಮ್ಮಿ ಆಟದ ಜಾಹೀರಾತು ತೆರೆದುಕೊಂಡಿತು.

ಅವಳು ಮಾತಾಡಿಸಿದ ಹಿರಿಯರಲ್ಲಿ ಇಬ್ಬರು ಈಗ ಇಲ್ಲ. ಮತ್ತೆ ಹೋಗಿ ಕೇಳೋಣ ಎಂದರೆ ಯಾರನ್ನು ಕೇಳುವುದು?

ಏನಾಯಿತು ಎಂದು ನಾನು ಒಂದೊಂದೇ ಎಳೆ ಹಿಡಿದು ನೋಡಿದೆ. ಆ ಜರ್ನಲ್ ಮೊದಲು ಅಚ್ಚಾಗಿ ಬರುತ್ತಿತ್ತು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಎಂದಾಗ ಅದನ್ನು ಓಪನ್ ಜರ್ನಲ್ ಸಿಸ್ಟಮ್ಸ್, ಅಂದರೆ ಓಜೆಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಆನ್‌ಲೈನ್ ಮಾಡಿದರು. ಎರಡು ವರ್ಷ ಕಳೆದ ಮೇಲೆ ಖರ್ಚು ಜಾಸ್ತಿ ಎಂದು ಅಚ್ಚು ನಿಲ್ಲಿಸಿದರು. ಕಂಪ್ಯೂಟರ್ ಚೆನ್ನಾಗಿ ಬಲ್ಲ ಒಬ್ಬ ಅತಿಥಿ ಉಪನ್ಯಾಸಕರು ಡೊಮೇನ್ ಹೆಸರನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ತಮ್ಮ ಸ್ವಂತ ಇಮೇಲ್‌ನಲ್ಲಿ ನೋಂದಾಯಿಸಿದ್ದರು. ಒಟಿಪಿ ಅವರ ಫೋನಿಗೇ ಬರುತ್ತಿತ್ತು. ಮುಂದಿನ ವರ್ಷ ಅವರಿಗೆ ಕೆಲಸ ಮುಂದುವರಿಯಲಿಲ್ಲ. ಅವಧಿ ಮುಗಿಯುತ್ತಿದೆ ಎಂಬ ಮೇಲ್‌ಗಳು ಅವರಿಗೇ ಹೋದವು. ಪಾಪ, ಅವರು ಎರಡು ಸಲ ಆಫೀಸಿಗೆ ಫೋನ್ ಮಾಡಿ ಹೇಳಿದ್ದರು. ಆ ಹಣವನ್ನು ಯಾವ ಲೆಕ್ಕದಲ್ಲಿ ಕಟ್ಟಬೇಕು ಎಂಬುದೇ ಆಫೀಸಿನಲ್ಲಿ ತೀರ್ಮಾನ ಆಗಲಿಲ್ಲ. ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಬಿಲ್ಲು ಅದು. ಡೊಮೇನ್ ಬೇರೆಯವರ ಪಾಲಾಯಿತು. ವೆಬ್‌ಸೈಟಿಗೆ ಸರ್ವರ್ ಜಾಗ ಕೊಟ್ಟಿದ್ದ ಹೋಸ್ಟಿಂಗ್ ಕಂಪನಿ ಬಾಕಿ ಬರದೆ ಫೈಲ್‌ಗಳನ್ನು ಅಳಿಸಿತು. ಬ್ಯಾಕಪ್ ಇದ್ದದ್ದು ಲ್ಯಾಬಿನ ಒಂದು ಕಂಪ್ಯೂಟರಿನಲ್ಲಿ ಮಾತ್ರ. ಅದು ಹಳೆಯದಾಯಿತು ಎಂದು ಗುಜರಿಗೆ ಹೋಗಿತ್ತು.

ಇದರಲ್ಲಿ ಕೆಟ್ಟವರು ಯಾರೂ ಇಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ಮಾಡಿದ್ದಾರೆ. ಜರ್ನಲ್ ಕಾಯುವುದು ಯಾರ ಕೆಲಸವೂ ಆಗಿರಲಿಲ್ಲ, ಅಷ್ಟೇ. ಅಚ್ಚು ನಿಂತ ದಿನ ಲೈಬ್ರರಿಯವಳಾದ ನಾನು ಎದ್ದುನಿಂತು ಕೇಳಬೇಕಿತ್ತು. ಕೇಳಲಿಲ್ಲ. ಆ ನೋವು ನನಗಿದೆ.

ಅಲ್ಲಿಂದ ಹುಡುಕಾಟ ಶುರು ಮಾಡಿದೆ. ಇಂಟರ್ನೆಟ್ ಆರ್ಕೈವ್‌ನ ಹಳೆಯ ವೆಬ್ ಪುಟಗಳ ಪ್ರತಿ ಕಾಯ್ದಿಡುವ ವೇಬ್ಯಾಕ್ ಮಷಿನ್‌ನಲ್ಲಿ ಮುಖಪುಟ ಸಿಕ್ಕಿತು, ಕೆಲವು ಸಂಚಿಕೆಗಳ ಪರಿವಿಡಿ ಸಿಕ್ಕಿತು. ಪಿಡಿಎಫ್‌ಗಳು ಬಹಳ ಕಡಿಮೆ. ಪರಿವಿಡಿಯ ಹೆಸರುಗಳನ್ನು ಹಿಡಿದು ಲೇಖಕರಿಗೆ ಫೋನ್ ಮಾಡುತ್ತಾ ಹೋದೆ. ಕೆಲವರ ಹಳೆಯ ಮೇಲ್‌ನಲ್ಲಿತ್ತು, ಕೆಲವರ ಪೆನ್ ಡ್ರೈವ್‌ನಲ್ಲಿತ್ತು. ಆನ್‌ಲೈನ್‌ನಲ್ಲಿ ಮಾತ್ರ ಬಂದ 87 ಲೇಖನಗಳಲ್ಲಿ ಇಲ್ಲಿಯವರೆಗೆ 52 ಸಿಕ್ಕಿವೆ. 35 ಇನ್ನೂ ಸಿಕ್ಕಿಲ್ಲ. ತೊಗಲುಗೊಂಬೆಯ ಲೇಖನ ಆ 35ರಲ್ಲಿದೆ. ಅವಳ ಲ್ಯಾಪ್‌ಟಾಪ್ ಕೆಟ್ಟು ಎಷ್ಟೋ ವರ್ಷವಾಗಿದೆ.

ಸಣ್ಣ ಕಾಲೇಜಿನ ಪತ್ರಿಕೆ, ಹೋದರೆ ಏನು ನಷ್ಟ ಎಂದು ಯಾರಾದರೂ ಕೇಳಬಹುದು. ಆ ಪರಿವಿಡಿಯನ್ನು ಒಮ್ಮೆ ನೋಡಿ ಸಾಕು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ, ಸಿರವಾರ ಕಡೆಯ ಊರುಗಳಿಗೆ ಯಾವ ವರ್ಷ ಎಷ್ಟು ದಿನ ನೀರು ತಲುಪಿತು ಎಂದು ರೈತರ ಮನೆಮನೆಗೆ ಹೋಗಿ ಬರೆದುಕೊಂಡ ಲೇಖನವಿದೆ. ಹಳ್ಳಿಗಳ ಬೋರ್‌ವೆಲ್ ನೀರಿನ ಫ್ಲೋರೈಡ್ ಅಳತೆಯಿದೆ. ಕಿನ್ನಾಳದ ಗೊಂಬೆ ಮಾಡುವವರು ಬಳಸುವ ಪದಗಳ ಪಟ್ಟಿಯಿದೆ. ಇವನ್ನು ಬೆಂಗಳೂರಿನ ದೊಡ್ಡ ಜರ್ನಲ್ ಹಾಕುವುದಿಲ್ಲ, ಲಂಡನ್ನಿನದಂತೂ ಹಾಕುವುದೇ ಇಲ್ಲ. ತುಂಗಭದ್ರಾ ಜಲಾಶಯ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಅದು 105ರ ಆಸುಪಾಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ಎಷ್ಟು ಗಾಬರಿಯಾದೆವು ಎಂಬುದು ನಿಮಗೂ ನೆನಪಿದೆ. ನೀರಿನ ಬಗ್ಗೆ ಇಲ್ಲಿ ಜಗಳವಾದಾಗಲೆಲ್ಲ "ಮೊದಲು ಹೇಗಿತ್ತು?" ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಇಂಥ ಪತ್ರಿಕೆಗಳಲ್ಲೇ ಇರುತ್ತದೆ.

ಇದು ನಮ್ಮ ಕಡೆಯ ಹಿಂದುಳಿದ ಸ್ಥಿತಿಯ ಕಥೆ ಎಂದು ದಯವಿಟ್ಟು ತಿಳಿಯಬೇಡಿ. 2000ದಿಂದ 2019ರ ನಡುವೆ ಜಗತ್ತಿನಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದಾದ 174 ಮುಕ್ತ ಜರ್ನಲ್‌ಗಳು ಇಂಟರ್ನೆಟ್‌ನಿಂದ ಮಾಯವಾದವು ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಎಲ್ಲ ವಿಷಯಗಳವೂ ಅದರಲ್ಲಿವೆ. ಬ್ರಿಟನ್ನಿನ ಸಂಶೋಧಕ ಮಾರ್ಟಿನ್ ಈವ್ 2024ರಲ್ಲಿ ಡಿಒಐ, ಅಂದರೆ ಲೇಖನಕ್ಕೆ ಕೊಡುವ ಶಾಶ್ವತ ಗುರುತಿನ ಸಂಖ್ಯೆ, ಇರುವ 74 ಲಕ್ಷಕ್ಕೂ ಜಾಸ್ತಿ ಬರಹಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 20 ಲಕ್ಷಕ್ಕೂ ಹೆಚ್ಚು, ಅಂದರೆ ಶೇ. 28ರಷ್ಟು, ಯಾವ ದೊಡ್ಡ ಡಿಜಿಟಲ್ ಸಂಗ್ರಹದಲ್ಲೂ ಕಾಣಿಸಲಿಲ್ಲ.

ಇಲ್ಲಿ ನಾನು ಡಿಒಐ ಬಗ್ಗೆ ಒಂದು ಮಾತು ಹೇಳಲೇಬೇಕು. ಎಷ್ಟೋ ಸಂಪಾದಕರು "ನಮ್ಮದಕ್ಕೆ ಡಿಒಐ ಇದೆ, ಇನ್ನು ಭಯ ಇಲ್ಲ" ಎನ್ನುತ್ತಾರೆ. ಡಿಒಐ ಎಂದರೆ ವಿಳಾಸ ತೋರಿಸುವ ಫಲಕ. ಮನೆಯೇ ಬಿದ್ದರೆ ಫಲಕ ಏನು ಮಾಡೀತು? ಫೈಲ್ ಬೇರೆ ಎಲ್ಲಾದರೂ ಇದ್ದು, ಹೊಸ ವಿಳಾಸ ದಾಖಲಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಹಾಗೆಯೇ "ಶೋಧಗಂಗಾದಲ್ಲಿ ಇರುತ್ತದಲ್ವಾ?" ಎಂದು ಕೇಳುತ್ತಾರೆ. ಶೋಧಗಂಗಾ ಇರುವುದು ಪಿಎಚ್‌.ಡಿ. ಪ್ರಬಂಧಗಳಿಗೆ. ಜರ್ನಲ್ ಲೇಖನ ಅಲ್ಲಿಗೆ ಹೋಗುವುದಿಲ್ಲ. ಅಚ್ಚಾದ ಪುಸ್ತಕ, ಪತ್ರಿಕೆಗಳ ಪ್ರತಿ ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಯ ನಾಲ್ಕು ಗ್ರಂಥಾಲಯಗಳಿಗೆ ಕೊಡಬೇಕೆಂದು 1954ರ ಕಾಯ್ದೆ ಹೇಳುತ್ತದೆ. ಆನ್‌ಲೈನ್‌ನಲ್ಲಿ ಮಾತ್ರ ಬರುವ ಪತ್ರಿಕೆ ಆ ಕಾಯ್ದೆಯ ಕೈಗೆ ಸಿಗುವುದಿಲ್ಲ. ಅಚ್ಚು ನಿಲ್ಲಿಸಿದ ದಿನವೇ ನಾವು ಆ ರಕ್ಷಣೆ ಬಿಟ್ಟುಕೊಟ್ಟೆವು. ಅದು ಗೊತ್ತೂ ಆಗಲಿಲ್ಲ.

ಇನ್ನು ಬ್ಯಾಕಪ್. ಬ್ಯಾಕಪ್ ಬೇಕೇ ಬೇಕು. ಆದರೆ ಸರ್ವರ್ ಇರುವ ಕೋಣೆಯಲ್ಲೇ ಬ್ಯಾಕಪ್ ಡಿಸ್ಕ್ ಇಟ್ಟರೆ ಒಂದೇ ಸಿಡಿಲಿಗೆ, ಒಂದೇ ವೈರಸ್ಸಿಗೆ ಎರಡೂ ಹೋಗುತ್ತವೆ. ನಮ್ಮ ಬೇಸಿಗೆ, ನಮ್ಮ ದೂಳು, ಪದೇ ಪದೇ ಹೋಗಿ ಬರುವ ಕರೆಂಟು ಹಾರ್ಡ್ ಡಿಸ್ಕಿಗೆ ಒಳ್ಳೆಯದಲ್ಲ. ಸುಮ್ನೆ ಬೀರುವಿನಲ್ಲಿಟ್ಟ ಡಿಸ್ಕ್ ಕೂಡ ಕೆಡುತ್ತದೆ. ಫೈಲ್ ಒಳಗೊಳಗೇ ಹಾಳಾಗಿರುವುದು ತೆರೆದಾಗಲೇ ಗೊತ್ತಾಗುವುದು.

ಹಾಗಾದರೆ ದಾರಿ ಏನು? ಅಶೋಕ ಚಕ್ರವರ್ತಿ ನಮ್ಮ ನೆಲದಲ್ಲಿ ಮಾಡಿಸಿದ್ದನ್ನು ಒಮ್ಮೆ ನೆನೆಯಿರಿ. ಅವನ ಕಿರು ಶಾಸನ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿದೆ. ಕೊಪ್ಪಳದಲ್ಲಿ ಗವಿಮಠದ ಬೆಟ್ಟದಲ್ಲೂ ಇದೆ, ಪಾಲ್ಕಿಗುಂಡಿನ ಮೇಲೂ ಇದೆ. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೊಳದಲ್ಲೂ ಇದೆ. ಒಂದೇ ಮಾತು, ನಮ್ಮ ಮೂರು ಜಿಲ್ಲೆಗಳಲ್ಲೇ ಐದು ಬಂಡೆ. ಮಸ್ಕಿಯ ಬಂಡೆಯಲ್ಲಿ ಅಕ್ಷರ ಸವೆದ ಕಡೆ ಗವಿಮಠದ ಪಾಠದ ಜೊತೆ ಹೋಲಿಸಿ ಓದಬಹುದು. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರೇ ಸಿಕ್ಕಿತು ಎಂದು ನಾವು ಹೆಮ್ಮೆ ಪಡುತ್ತೇವೆ. ಅದು ಸವೆದಿದ್ದರೂ ನಿಟ್ಟೂರು, ಉದೇಗೊಳದಲ್ಲಿ ಆ ಹೆಸರು ಉಳಿದಿರುತ್ತಿತ್ತು.

ಇಂದಿನ ಡಿಜಿಟಲ್ ಸಂರಕ್ಷಣೆ ನಿಂತಿರುವುದೂ ಇದರ ಮೇಲೆಯೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೈಬ್ರರಿಯವರು 1990ರ ದಶಕದ ಕೊನೆಯಲ್ಲಿ ಲಾಕ್ಸ್ ಎಂಬ ವ್ಯವಸ್ಥೆ ಶುರು ಮಾಡಿದರು. ಪ್ರತಿಗಳು ಜಾಸ್ತಿ ಇದ್ದರೆ ವಸ್ತು ಉಳಿಯುತ್ತದೆ ಎಂಬುದೇ ಆ ಹೆಸರಿನ ಅರ್ಥ. ಬೇರೆ ಬೇರೆ ಊರಿನ ಲೈಬ್ರರಿಗಳ ಕಂಪ್ಯೂಟರ್‌ಗಳು ಒಂದೇ ಲೇಖನದ ಪ್ರತಿ ಇಟ್ಟುಕೊಳ್ಳುತ್ತವೆ. ಆಗಾಗ ಒಂದನ್ನೊಂದು ಕೇಳುತ್ತವೆ: ನಿನ್ನ ಪ್ರತಿ ನನ್ನದರ ಹಾಗೇ ಇದೆಯಾ? ಪ್ರತಿ ಫೈಲಿಗೂ ಬೆರಳಚ್ಚಿನಂಥ ಒಂದು ಸಂಖ್ಯೆ ಇರುತ್ತದೆ. ಚೆಕ್‌ಸಮ್ ಎನ್ನುತ್ತಾರೆ. ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಬದಲಾಗುತ್ತದೆ. ಯಾವ ಪ್ರತಿ ಕೆಟ್ಟಿದೆಯೋ ಅದನ್ನು ಉಳಿದವುಗಳಿಂದ ಸರಿಪಡಿಸುತ್ತಾರೆ.

ಇದೇ ತಂತ್ರದ ಮೇಲೆ ಕ್ಲಾಕ್ಸ್ ಎಂಬ ಇನ್ನೊಂದು ಸಂಸ್ಥೆಯಿದೆ. ಲೈಬ್ರರಿಗಳೂ ಪ್ರಕಾಶಕರೂ ಸೇರಿ ನಡೆಸುತ್ತಾರೆ. ಜಗತ್ತಿನ 12 ಕಡೆ ಪ್ರತಿ ಇಟ್ಟಿರುತ್ತಾರೆ. ಆ ಪ್ರತಿ ಮುಚ್ಚಿದ ಪೆಟ್ಟಿಗೆಯಂತೆ ಇರುತ್ತದೆ. ಪತ್ರಿಕೆ ಪೂರ್ತಿ ನಿಂತು ಎಲ್ಲೂ ಸಿಗದಂತಾದರೆ ಆಗ ಅದನ್ನು ಎಲ್ಲರಿಗೂ ಉಚಿತವಾಗಿ ತೆರೆಯುತ್ತಾರೆ. ಪೋರ್ಟಿಕೋ 2005ರಿಂದ ಇರುವ ಇನ್ನೊಂದು ಸಂಗ್ರಹ. ಕಾಲ ಬದಲಾದಾಗ ಹಳೆಯ ಫೈಲ್‌ಗಳನ್ನು ಹೊಸ ರೂಪಕ್ಕೆ ತರುವ ಕೆಲಸವನ್ನೂ ಅವರು ಮಾಡುತ್ತಾರೆ. ಎರಡಕ್ಕೂ ವರ್ಷ ವರ್ಷ ಹಣ ಕಟ್ಟಬೇಕು. ಸಾವಿರ ರೂಪಾಯಿಯ ಡೊಮೇನ್ ಉಳಿಸಿಕೊಳ್ಳದ ಕಾಲೇಜಿಗೆ ಇದು ಸದ್ಯಕ್ಕೆ ದೂರದ ಮಾತು. ಮೂರೂ ಜಿಲ್ಲೆಯವರು ಒಟ್ಟಾಗಿ ಕೇಳಿದರೆ ಬೇರೆ ಮಾತು.

ನಮ್ಮ ಪತ್ರಿಕೆಗಳಿಗೆ ಹತ್ತಿರದ ದಾರಿ ಓಜೆಎಸ್‌ನಲ್ಲೇ ಇದೆ. ಓಜೆಎಸ್ ತಯಾರಿಸಿದ ಪಬ್ಲಿಕ್ ನಾಲೆಡ್ಜ್ ಪ್ರಾಜೆಕ್ಟ್‌ನವರೇ ಒಂದು ಸಂರಕ್ಷಣಾ ಜಾಲ ಕಟ್ಟಿದ್ದಾರೆ. ಪಿಕೆಪಿ ಪಿಎನ್ ಎನ್ನುತ್ತಾರೆ. ಅದೂ ಲಾಕ್ಸ್ ತಂತ್ರವೇ. ಪತ್ರಿಕೆಗೆ ಐಎಸ್‌ಎಸ್‌ಎನ್, ಅಂದರೆ ಪತ್ರಿಕೆಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ, ಇರಬೇಕು, ಓಜೆಎಸ್ ತೀರಾ ಹಳೆಯ ಆವೃತ್ತಿ ಆಗಿರಬಾರದು, ಪ್ಲಗಿನ್ ಎಂಬ ಒಂದು ಸಣ್ಣ ಜೋಡಣೆ ತಂತ್ರಾಂಶ ಚಾಲೂ ಮಾಡಿ ಷರತ್ತುಗಳಿಗೆ ಒಪ್ಪಿಗೆ ಕೊಡಬೇಕು. ಶುಲ್ಕ ಇಲ್ಲ. ಐಎಸ್‌ಎಸ್‌ಎನ್ ಕೂಡ ದೆಹಲಿಯ ರಾಷ್ಟ್ರೀಯ ಕೇಂದ್ರದಿಂದ ಉಚಿತವಾಗಿ ಸಿಗುತ್ತದೆ. ಅಚ್ಚಿಗೆ ಒಂದು, ಆನ್‌ಲೈನ್‌ಗೆ ಒಂದು, ಬೇರೆ ಬೇರೆ ತೆಗೆದುಕೊಳ್ಳಬೇಕು. ಇದನ್ನು ಬಹಳ ಕಾಲೇಜುಗಳು ಮರೆಯುತ್ತವೆ. ಆ ಪ್ಲಗಿನ್ ನಮ್ಮ ಜರ್ನಲ್‌ನಲ್ಲಿ ಚಾಲೂ ಆಗಿದ್ದರೆ ಈ ಪತ್ರ ಬರೆಯುವ ಕಾರಣವೇ ಇರುತ್ತಿರಲಿಲ್ಲ.

ಓಜೆಎಸ್ ಇಲ್ಲದ ಪತ್ರಿಕೆಗಳಿಗೂ ದಾರಿ ಇದೆ. ಯುರೋಪಿನ ಸರ್ನ್ ಸಂಸ್ಥೆ 2013ರಿಂದ ಝೆನೊಡೊ ಎಂಬ ಉಚಿತ ಭಂಡಾರ ನಡೆಸುತ್ತಿದೆ. ಒಂದೊಂದು ಲೇಖನವನ್ನೂ ಅಲ್ಲಿ ಹಾಕಬಹುದು, ಡಿಒಐ ಕೂಡ ಅಲ್ಲೇ ಸಿಗುತ್ತದೆ. ಇಂಟರ್ನೆಟ್ ಆರ್ಕೈವ್‌ಗೂ ಸಂಚಿಕೆಗಳನ್ನು ನಾವೇ ಏರಿಸಬಹುದು. ಆದರೆ ಒಂದನ್ನೇ ನಂಬಿ ಕೂರಬಾರದು. 2024ರ ಅಕ್ಟೋಬರ್‌ನಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೇ ಸೈಬರ್ ದಾಳಿ ನಡೆದು ಕೆಲವು ದಿನ ಅದು ಮುಚ್ಚಿತ್ತು.

ಕನ್ನಡದ ಜರ್ನಲ್‌ಗಳಿಗೆ ಇನ್ನೊಂದು ತೊಂದರೆ ಇದೆ. ಇದನ್ನು ಹೊರಗಿನವರು ಯಾರೂ ಬಂದು ಸರಿಮಾಡಿಕೊಡುವುದಿಲ್ಲ. ನನಗೆ ಸಿಕ್ಕ 52 ಲೇಖನಗಳಲ್ಲಿ ಒಂಬತ್ತು ವರ್ಡ್ ಫೈಲ್‌ಗಳಾಗಿ ಬಂದವು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದವು. ನನ್ನ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇಲ್ಲ. ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಚುಕ್ಕೆ, ಗೆರೆ. ಫೈಲ್ ಉಳಿದಿತ್ತು, ಓದಲು ಆಗುತ್ತಿರಲಿಲ್ಲ. ಫಾಂಟ್ ಹುಡುಕಿ, ಎಲ್ಲ ಕಂಪ್ಯೂಟರಿನಲ್ಲೂ ಓದಬಹುದಾದ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ತಪ್ಪಿದ್ದನ್ನೆಲ್ಲ ಕೈಯಾರೆ ತಿದ್ದಿದೆ. ಒಂಬತ್ತು ಲೇಖನಕ್ಕೆ ಎರಡು ತಿಂಗಳು ಹಿಡಿಯಿತು. ಪಿಡಿಎಫ್‌ಗಳಲ್ಲೂ ಇದೇ ಕಥೆ. ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ "ತುಂಗಭದ್ರಾ" ಎಂದು ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ಒಳಗಿರುವುದು ಕನ್ನಡದ ಸಂಕೇತವೇ ಅಲ್ಲ.

ಅದಕ್ಕೆ ನನ್ನ ಮೊದಲ ಬೇಡಿಕೆ ಇಲ್ಲಿಂದಲೇ ಶುರುವಾಗುತ್ತದೆ. ನಿಮ್ಮ ವ್ಯಾಪ್ತಿಯ ಯಾವ ಜರ್ನಲ್ಲೂ ಇನ್ನು ಮುಂದೆ ಯೂನಿಕೋಡ್ ಅಲ್ಲದ ಕನ್ನಡದಲ್ಲಿ ಲೇಖನ ಪ್ರಕಟಿಸಬಾರದು. ದೀರ್ಘಕಾಲ ಇಡುವುದಕ್ಕೆಂದೇ ಪಿಡಿಎಫ್/ಎ ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಫಾಂಟ್ ಫೈಲಿನ ಒಳಗೇ ಇರಬೇಕು. ಆ ರೂಪದಲ್ಲಿ ಉಳಿಸಿ ಎಂದು ಒಂದು ಸುತ್ತೋಲೆ ಹೊರಡಿಸಿ. ಇದಕ್ಕೆ ಹಣ ಬೇಕಾಗಿಲ್ಲ.

ಎರಡನೆಯದು ಹೊಣೆಯ ಮಾತು. ಡೊಮೇನ್, ಹೋಸ್ಟಿಂಗ್, ಅವುಗಳ ಪಾಸ್‌ವರ್ಡ್ ಯಾವ ವ್ಯಕ್ತಿಯ ಹೆಸರಿನಲ್ಲೂ ಇರಬಾರದು. ಸಂಸ್ಥೆಯ ಇಮೇಲ್‌ನಲ್ಲಿರಲಿ. ಗ್ರಂಥಪಾಲಕರಿಗೂ ಸಂಪಾದಕರಿಗೂ ಇಬ್ಬರಿಗೂ ತಿಳಿದಿರಲಿ. ವಾರ್ಷಿಕ ಬಜೆಟ್‌ನಲ್ಲಿ ಅದಕ್ಕೊಂದು ಲೆಕ್ಕಶೀರ್ಷಿಕೆ ಇರಲಿ. ವರ್ಗಾವಣೆಯಾದಾಗ, ಗುತ್ತಿಗೆ ಮುಗಿದಾಗ ಚಾರ್ಜ್ ಪಟ್ಟಿಯಲ್ಲಿ ಟೇಬಲ್ಲು ಕುರ್ಚಿಯ ಜೊತೆ ಜರ್ನಲ್ಲಿನ ಹೆಸರೂ ಬರಲಿ. ಈ ವಿಷಯದಲ್ಲಿ ಅತಿಥಿ ಉಪನ್ಯಾಸಕರ ಮೇಲೆ ಭಾರ ಹಾಕಿ ಕೈತೊಳೆದುಕೊಳ್ಳುವುದು ಅನ್ಯಾಯ. ಹತ್ತು ತಿಂಗಳ ಕೆಲಸದವರಿಗೆ ನೂರು ವರ್ಷದ ಹೊಣೆ ಕೊಡಬಾರದು.

ಮೂರನೆಯದು, ಪ್ರತಿ ಪತ್ರಿಕೆಯೂ ಹೊರಗಿನ ಕನಿಷ್ಠ ಎರಡು ಕಡೆ ಪ್ರತಿ ಇಟ್ಟಿದೆ ಎಂದು ಈ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ನೀವು ಖಾತ್ರಿಪಡಿಸಿಕೊಳ್ಳಬೇಕು. ಪ್ಯಾರಿಸ್ಸಿನ ಐಎಸ್‌ಎಸ್‌ಎನ್ ಅಂತರರಾಷ್ಟ್ರೀಯ ಕೇಂದ್ರ ಕೀಪರ್ಸ್ ರಿಜಿಸ್ಟ್ರಿ ಎಂಬ ಪಟ್ಟಿ ನಡೆಸುತ್ತದೆ. ಪತ್ರಿಕೆಯ ಐಎಸ್‌ಎಸ್‌ಎನ್ ಹಾಕಿದರೆ ಅದರ ಪ್ರತಿಯನ್ನು ಯಾವ ಸಂಗ್ರಹ ಕಾಯುತ್ತಿದೆ ಎಂದು ತೋರಿಸುತ್ತದೆ. ಇಂದೇ ನಿಮ್ಮ ವಿಶ್ವವಿದ್ಯಾಲಯದ ಪತ್ರಿಕೆಗಳನ್ನು ಅಲ್ಲಿ ಹುಡುಕಿ ನೋಡಿ. ಐದು ನಿಮಿಷದ ಕೆಲಸ. 2025ರ ಫೆಬ್ರವರಿಯಲ್ಲಿ ಯುಜಿಸಿ ಯೋಗ್ಯ ಜರ್ನಲ್‌ಗಳ ತನ್ನ ಕೇರ್ ಪಟ್ಟಿಯನ್ನು ನಿಲ್ಲಿಸಿತು. ಯಾವ ಜರ್ನಲ್ ಯೋಗ್ಯ ಎಂದು ತೂಗುವ ಹೊಣೆ ಈಗ ನಿಮ್ಮಂಥ ಸಂಸ್ಥೆಗಳ ಮೇಲೇ ಬಂದಿದೆ. ನಿಮ್ಮ ಮಾನದಂಡದಲ್ಲಿ "ಇದರ ಸಂರಕ್ಷಿತ ಪ್ರತಿ ಎಲ್ಲಿದೆ?" ಎಂಬ ಪ್ರಶ್ನೆಯನ್ನೂ ಸೇರಿಸಿ. ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಹಣ ಕಟ್ಟಿ ಲೇಖನ ಹಾಕಿಸುವ ಎಷ್ಟೋ ಖಾಸಗಿ ಪತ್ರಿಕೆಗಳು ಆ ಒಂದು ಪ್ರಶ್ನೆಗೇ ತಡವರಿಸುತ್ತವೆ.

ಕೊನೆಯ ಕೋರಿಕೆ ದೊಡ್ಡದು, ಒಂದೇ ವರ್ಷದಲ್ಲಿ ಆಗುವಂಥದ್ದಲ್ಲ. ಬ್ರೆಜಿಲ್‌ನಲ್ಲಿ ಸರ್ಕಾರದ ಐಬಿಐಸಿಟಿ ಎಂಬ ಸಂಸ್ಥೆ ತನ್ನ ದೇಶದ ಸಣ್ಣ ಪತ್ರಿಕೆಗಳಿಗಾಗಿ ಕಾರಿನಿಯಾನ ಎಂಬ ಲಾಕ್ಸ್ ಜಾಲ ಕಟ್ಟಿದೆ. ವಿಶ್ವವಿದ್ಯಾಲಯಗಳೇ ಒಬ್ಬರದನ್ನೊಬ್ಬರು ಕಾಯುತ್ತಾರೆ. ನಮ್ಮಲ್ಲೂ ಮೂರು ಜಿಲ್ಲೆಗಳ ವಿಶ್ವವಿದ್ಯಾಲಯಗಳಿವೆ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯವಿದೆ, ಪಕ್ಕದಲ್ಲೇ ಹಂಪಿ ಕನ್ನಡ ವಿಶ್ವವಿದ್ಯಾಲಯವಿದೆ. ಒಬ್ಬರ ಪ್ರತಿ ಇನ್ನೊಬ್ಬರ ಹತ್ತಿರ ಇರುವಂತೆ ಒಂದು ಒಪ್ಪಂದ ಮಾಡಿಕೊಳ್ಳಿ. ಸಂವಿಧಾನದ 371ಜೆ ವಿಧಿಯ ಅಡಿ ಈ ಭಾಗಕ್ಕೆ ಬರುವ ಅಭಿವೃದ್ಧಿ ಹಣದಲ್ಲಿ ಇದಕ್ಕೊಂದು ಪಾಲು ಕೇಳಿ. ಶೋಧಗಂಗಾ ನಡೆಸುವ ಇನ್‌ಫ್ಲಿಬ್‌ನೆಟ್ ಕೇಂದ್ರಕ್ಕೆ ಎಲ್ಲರೂ ಸೇರಿ ಪತ್ರ ಬರೆಯಿರಿ. ಪ್ರಬಂಧಗಳಿಗೆ ಮಾಡಿದ್ದನ್ನು ಪ್ರಾದೇಶಿಕ ಜರ್ನಲ್‌ಗಳಿಗೂ ಮಾಡಿ ಎಂದು ಕೇಳಿ. ಲೇಖಕರ ಒಪ್ಪಿಗೆ ಪತ್ರದಲ್ಲಿ "ಸಂರಕ್ಷಣೆಗಾಗಿ ಪ್ರತಿ ಇಡಲು ಅನುಮತಿ ಇದೆ" ಎಂಬ ಒಂದು ಸಾಲನ್ನು ಮಾತ್ರ ಈಗಲೇ ಸೇರಿಸಿಬಿಡಿ. ಅದಿಲ್ಲದೆ ಹಳೆಯ ಲೇಖಕರನ್ನು ಹುಡುಕಿ ಅನುಮತಿ ಕೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.

ನನ್ನ ಹತ್ತಿರ ಇರುವ 52 ಲೇಖನಗಳನ್ನು, ಪರಿವಿಡಿಯನ್ನು, ಚೆಕ್‌ಸಮ್ ಪಟ್ಟಿಯನ್ನು ಎರಡು ಬೇರೆ ಬೇರೆ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಒಂದು ನನ್ನ ಮನೆಯಲ್ಲಿ, ಇನ್ನೊಂದು ಬಳ್ಳಾರಿಯ ನನ್ನ ತಂಗಿಯ ಮನೆಯಲ್ಲಿ. ನಿಮ್ಮಲ್ಲಿ ಯಾವ ವಿಶ್ವವಿದ್ಯಾಲಯ ಒಪ್ಪಿದರೂ ಲೇಖಕರ ಅನುಮತಿ ಪತ್ರಗಳ ಸಮೇತ ತಂದುಕೊಡುತ್ತೇನೆ. ಪ್ಲಗಿನ್ ಚಾಲೂ ಮಾಡುವುದನ್ನು, ನುಡಿಯಿಂದ ಯೂನಿಕೋಡ್‌ಗೆ ತರುವುದನ್ನು ಯಾವ ಕಾಲೇಜಿನ ಸಂಪಾದಕರು ಕರೆದರೂ ಬಂದು ಜೊತೆಗೆ ಕೂತು ತೋರಿಸುತ್ತೇನೆ. ಬಸ್ ಚಾರ್ಜ್ ಕೂಡ ಬೇಡ.

ಈ ಪತ್ರ ಓದುತ್ತಿರುವ ಉಪನ್ಯಾಸಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನೀವು ಎಂದಾದರೂ ಈ ಭಾಗದ ಕಾಲೇಜು ಜರ್ನಲ್ ಒಂದಕ್ಕೆ ಬರೆದಿದ್ದರೆ ನಿಮ್ಮ ಹಳೆಯ ಮೇಲ್‌ಗಳನ್ನು, ಮೂಲೆಯಲ್ಲಿರುವ ಪೆನ್ ಡ್ರೈವ್‌ಗಳನ್ನು ಈ ಭಾನುವಾರ ಒಮ್ಮೆ ತೆರೆದು ನೋಡಿ. ತೊಗಲುಗೊಂಬೆಯ ಲೇಖನವನ್ನು ಅವಳು ಆಗ ಇಬ್ಬರು ಗೆಳತಿಯರಿಗೆ ಓದಲು ಕಳಿಸಿದ್ದಳಂತೆ. ಒಬ್ಬಳು ಗಂಗಾವತಿಯವಳು, ಇನ್ನೊಬ್ಬಳು ಮದುವೆಯಾಗಿ ಲಿಂಗಸುಗೂರಿಗೆ ಹೋದವಳು. ಇಬ್ಬರ ಫೋನ್ ನಂಬರೂ ಬದಲಾಗಿದೆ. ಇದು ಅವರ ಕಣ್ಣಿಗೆ ಬಿದ್ದರೆ ದಯವಿಟ್ಟು ಹುಡುಕಿ, ತಾಯಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗ್ರಂಥಪಾಲಕಿ,
ಕೊಪ್ಪಳ